ಮಕ್ಕಳು ಕೆಲಸಕ್ಕೆ ಹೋದ ಮೇಲೆ 96ನೇ ನಂಬರ್ ಟ್ರಾಮ್ ಹತ್ತಿ

ಮೆಲ್ಬರ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದಿದ್ದೀರಿ. ಬೆಳಗ್ಗೆ ಎಂಟೂವರೆಗೆಲ್ಲ ಅವರು ಕೆಲಸಕ್ಕೆ ಹೊರಡುತ್ತಾರೆ, ಮೊಮ್ಮಗು ಶಾಲೆಗೆ ಹೋಗುತ್ತದೆ. ಆಮೇಲೆ ಮನೆಯಲ್ಲಿ ನೀವಿಬ್ಬರೇ. 'ಶನಿವಾರ ಕಾರಲ್ಲಿ ಕರ್ಕೊಂಡು ಹೋಗ್ತೀವಿ' ಅಂತ ಅವರು ಹೇಳಿರುತ್ತಾರೆ. ಶನಿವಾರದವರೆಗೆ ಕಾಯಬೇಡಿ. ಟ್ರಾಮ್ ಹತ್ತಿ.

ನಾನು ಹಾಸನ ಡಿಪೋದಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ. ಜಾಸ್ತಿ ಓಡಿದ್ದು ಬೇಲೂರು, ಸಕಲೇಶಪುರದ ಕಡೆಗೆ. ಯಾವ ರೂಟಿಗೆ ಹಾಕಿದರೂ ಮೊದಲು ಮಾಡುತ್ತಿದ್ದ ಕೆಲಸ ಒಂದೇ, ಸ್ಟೇಜುಗಳನ್ನು ಬಾಯಿಪಾಠ ಮಾಡುವುದು. ಸ್ಟೇಜು ಗೊತ್ತಿದ್ದರೆ ಕತ್ತಲಲ್ಲಿ, ಮಳೆಯಲ್ಲಿ, ಕಿಕ್ಕಿರಿದ ಜನರ ನಡುವೆಯೂ ಬಸ್ಸು ಎಲ್ಲಿದೆ ಅಂತ ತಿಳಿಯುತ್ತದೆ. ಮಗಳ ಮನೆ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದೆ. ಅಲ್ಲಿಂದ ಹೊರಡುವ 96ನೇ ನಂಬರಿನ ಟ್ರಾಮಿಗೂ ಅದನ್ನೇ ಮಾಡಿದೆ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಅನ್ನುವವರು ಹೆದರಬೇಡಿ. ಈ ದಾರಿಯಲ್ಲಿ ಮಾತಿಗಿಂತ ಗುರುತು ಮುಖ್ಯ.

ಮೊದಲು ಟಿಕೆಟ್ಟಿನ ಕಾರ್ಡು. ಇದಕ್ಕೆ ಮೈಕಿ ಅನ್ನುತ್ತಾರೆ. ಸೆವೆನ್ ಇಲೆವೆನ್ ಅಂಗಡಿಗಳಲ್ಲಿ, ದೊಡ್ಡ ರೈಲು ನಿಲ್ದಾಣಗಳಲ್ಲಿ ಸಿಗುತ್ತದೆ. ಟ್ರಾಮಿನ ಒಳಗೆ ಕಾರ್ಡು ಮಾರುವುದೂ ಇಲ್ಲ, ದುಡ್ಡು ತುಂಬುವುದೂ ಇಲ್ಲ. ಹಾಗಾಗಿ ಹಿಂದಿನ ಸಂಜೆಯೇ ಮಕ್ಕಳ ಹತ್ತಿರ ತುಂಬಿಸಿಕೊಳ್ಳಿ. ನಮ್ಮೂರಿನ ಹಿರಿಯ ನಾಗರಿಕರ ಕಾರ್ಡು ಇಲ್ಲಿ ನಡೆಯುವುದಿಲ್ಲ.

ಹತ್ತಿದ ತಕ್ಷಣ ಬಾಗಿಲ ಹತ್ತಿರದ ಕಂಬದಲ್ಲಿ ಮಷೀನು ಕಾಣುತ್ತದೆ. ಕಾರ್ಡನ್ನು ಪರ್ಸಿನಿಂದ ಹೊರಗೆ ತೆಗೆಯಿರಿ. ಬ್ಯಾಂಕಿನ ಕಾರ್ಡುಗಳ ಜೊತೆಗೇ ತೋರಿಸಿದರೆ ಸರಿಯಾಗಿ ಓದುವುದಿಲ್ಲ. ಮಷೀನಿನ ಮುಖಕ್ಕೆ ಚಪ್ಪಟೆಯಾಗಿ ಹಿಡಿದು, ಬೀಪ್ ಅನ್ನುವವರೆಗೆ ಕೈ ಅಲುಗಿಸಬೇಡಿ. ನಮ್ಮವರು ಬಹಳ ಜನ ಮಷೀನಿನ ಮುಂದೆ ಆರತಿ ಎತ್ತಿದ ಹಾಗೆ ಕಾರ್ಡು ಆಡಿಸುತ್ತಾರೆ. ಅದರಿಂದಲೇ ತಡವಾಗುವುದು. ಬೀಪ್ ಕೇಳಿದ ಮೇಲೆ ಎರಡು ಗಂಟೆ ಎಷ್ಟು ಟ್ರಾಮ್ ಬೇಕಾದರೂ ಬದಲಾಯಿಸಬಹುದು. ಟ್ರಾಮಿನಿಂದ ಇಳಿಯುವಾಗ ಮತ್ತೆ ತೋರಿಸಬೇಕಾಗಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ ಎರಡೂ ಸಲ ತೋರಿಸಬೇಕು.

ಊರಿನ ನಡುಭಾಗದಲ್ಲಿ ಟ್ರಾಮ್ ಪೂರ್ತಿ ಉಚಿತ. 2015ರಿಂದ ಹೀಗಿದೆ. ನಮ್ಮ 96ರಲ್ಲಿ ಈ ಉಚಿತ ಭಾಗ ಪಾರ್ಲಿಮೆಂಟಿನ ಹತ್ತಿರ ಶುರುವಾಗಿ ಯಾರಾ ನದಿ ದಾಟುವ ಮೊದಲೇ ಮುಗಿಯುತ್ತದೆ. ಅದರೊಳಗೇ ಹತ್ತಿ ಅದರೊಳಗೇ ಇಳಿಯುವುದಾದರೆ ಕಾರ್ಡು ತೋರಿಸಲೇಬೇಡಿ, ತೋರಿಸಿದರೆ ದುಡ್ಡು ಹೋಗುತ್ತದೆ. ಅಲ್ಲಿ ಹತ್ತಿ ಹೊರಗೆ ಇಳಿಯುವುದಾದರೆ ತೋರಿಸಲೇಬೇಕು. ಮೊದಲ ವಾರ ನಾನೇ ತಪ್ಪಿದ್ದೆ. ಊರ ನಡುವೆ ಹತ್ತಿ, ಉಚಿತ ಅಂತ ಸುಮ್ನೆ ಕೂತುಬಿಟ್ಟೆ. ಪಾರ್ಲಿಮೆಂಟ್ ದಾಟಿ ಆಸ್ಪತ್ರೆ ಕಂಡಾಗ ನೆನಪಾಯಿತು. ಎದ್ದು ಹೋಗಿ ಬೀಪ್ ಮಾಡಿಸಿದೆ. 31 ವರ್ಷ ಬೇರೆಯವರ ಟಿಕೆಟ್ ನೋಡಿದ ನನಗೆ ಆ ಹತ್ತು ನಿಮಿಷ ಎದೆ ಢವಢವ ಅನ್ನುತ್ತಿತ್ತು. ಇಲ್ಲೂ ಚೆಕಿಂಗ್‌ನವರು ಇದ್ದಾರೆ. ಕೆಲವೊಮ್ಮೆ ಯೂನಿಫಾರಂ ಇಲ್ಲದೆಯೂ ಬರುತ್ತಾರೆ. ದಂಡ ದೊಡ್ಡದು.

ಇನ್ನು ಹತ್ತುವುದು, ಇಳಿಯುವುದು. ಬೆಳಗ್ಗೆ ಒಂಬತ್ತೂವರೆ ಆದ ಮೇಲೆ ಹೊರಡಿ, ಸೀಟು ಸಿಗುತ್ತದೆ. ಎದುರಿನ ಬೋರ್ಡಿನಲ್ಲಿ 96, ಅದರ ಪಕ್ಕದಲ್ಲಿ ಸೇಂಟ್ ಕಿಲ್ಡಾ ಬೀಚ್ ಅಂತ ಇರಬೇಕು. ಬಾಗಿಲು ತಾನಾಗಿ ತೆರೆಯದಿದ್ದರೆ ಬಾಗಿಲಲ್ಲಿರುವ ಬಟನ್ ಒತ್ತಿ. ಈ ರೂಟಿನ ಹೊಸ ಟ್ರಾಮುಗಳು 33 ಮೀಟರ್ ಉದ್ದ. ನಮ್ಮ ಕೆಂಪು ಬಸ್ಸು ಹೆಚ್ಚುಕಮ್ಮಿ ಮೂರು ನಿಲ್ಲಿಸಿದ ಹಾಗೆ. ನೆಲ ತಗ್ಗಿನಲ್ಲಿರುವುದರಿಂದ ಎತ್ತರಿಸಿದ ಪ್ಲಾಟ್‌ಫಾರಂ ಇರುವ ಕಡೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ನಮ್ಮ ಮನೆಯವರಿಗೆ ಮಂಡಿ ನೋವು, ಅವರೇ ಆರಾಮವಾಗಿ ಹತ್ತುತ್ತಾರೆ.

ಹತ್ತಿದ ಕೂಡಲೇ ಏನಾದರೂ ಹಿಡಿದುಕೊಳ್ಳಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಸ್ಸು ಹೊರಡುವಾಗ ಇಂಜಿನ್ ಸದ್ದು, ಗೇರಿನ ಸದ್ದು ನಮ್ಮ ಕಾಲಿಗೆ ಮುಂಚೆಯೇ ಸುಳಿವು ಕೊಡುತ್ತದೆ. ಟ್ರಾಮ್ ಓಡುವುದು ಮೇಲಿನ ತಂತಿಯ 600 ವೋಲ್ಟ್ ಕರೆಂಟಿನಿಂದ. ಸದ್ದಿಲ್ಲದೆ ಜಗ್ಗುತ್ತದೆ. ಓಡುವ ಬಸ್ಸಿನಲ್ಲಿ ಎರಡೂ ಕೈ ಬಿಟ್ಟು ಟಿಕೆಟ್ ಕೊಟ್ಟವನು ನಾನು, ಆದರೂ ಮೂರನೇ ದಿನ ಹಿಂದಕ್ಕೆ ವಾಲಿದೆ. ಮೂಗಿಗೆ ಎರಡು ಬಳೆ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಮೊಣಕೈ ಹಿಡಿದು ನಿಲ್ಲಿಸಿದಳು.

ಇಳಿಯುವ ಸ್ಟಾಪಿಗೆ ಮುಂಚೆ ಕಂಬದ ಮೇಲಿನ ಸ್ಟಾಪ್ ಬಟನ್ ಒತ್ತಿ. ಕೆಲವು ಕಡೆ ರಸ್ತೆಯ ನಡುವೆಯೇ ಇಳಿಯಬೇಕಾಗುತ್ತದೆ. ಟ್ರಾಮ್ ನಿಂತಾಗ ಹಿಂದಿನ ಕಾರುಗಳೆಲ್ಲ ನಿಲ್ಲಬೇಕು ಅಂತ ಕಾನೂನೇ ಇದೆ, ನಿಲ್ಲುತ್ತವೆ ಕೂಡ. ಆದರೂ ಕಾಲಿಡುವ ಮುಂಚೆ ಎಡಕ್ಕೆ ತಿರುಗಿ ನೋಡಿ. ಸೈಕಲ್ಲಿನವರನ್ನು ಪೂರ್ತಿ ನಂಬುವುದಕ್ಕಾಗುವುದಿಲ್ಲ.

ಈಗ ಸ್ಟೇಜುಗಳು. ಬಲಗಡೆ ಕಿಟಕಿ ಹಿಡಿಯಿರಿ, ನೋಡಬೇಕಾದದ್ದು ಬಹುಪಾಲು ಆ ಕಡೆಗೇ ಬರುತ್ತದೆ. ಒಟ್ಟು ದಾರಿ ಸುಮಾರು 14 ಕಿಲೋಮೀಟರ್. ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗಲು ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. ಹೊರಡುವುದು ಬ್ಲೈತ್ ಸ್ಟ್ರೀಟ್ ಮೂಲೆಯಿಂದ. ನಿಕೋಲ್ಸನ್ ಸ್ಟ್ರೀಟಿನಲ್ಲಿ ನೇರ ದಕ್ಷಿಣಕ್ಕೆ. ಸ್ವಲ್ಪ ಮುಂದೆ ಹೋದರೆ ಬಲಕ್ಕೆ ಕಾರ್ಲ್ಟನ್ ಬಡಾವಣೆ, ಎಡಕ್ಕೆ ಫಿಟ್ಜ್‌ರಾಯ್ ಬಡಾವಣೆ. ಒಂದಕ್ಕೊಂದು ಗೋಡೆ ಅಂಟಿಕೊಂಡ ಹಳೆಯ ಸಾಲು ಮನೆಗಳು. ಅವುಗಳ ಜಗಲಿಯ ಮೇಲ್ಗಡೆ ಎರಕದ ಕಬ್ಬಿಣದ ಕಸೂತಿ ಇದೆ. ಎಲೆ, ಬಳ್ಳಿ, ಹೂವು, ಎಲ್ಲವೂ ಕಬ್ಬಿಣದಲ್ಲಿ. ಎರಡು ಮನೆಯ ಕಸೂತಿ ಒಂದೇ ಥರ ಇರುತ್ತದೆ, ಮೂರನೆಯದು ಬೇರೆ. ನಮ್ಮ ಮನೆಯವರು ಈ ದಾರಿಯಲ್ಲಿ ಲೆಕ್ಕ ಹಾಕುತ್ತಾ ಕೂರುತ್ತಾರೆ, ಮಾತಾಡಿಸಿದರೂ ಕೇಳುವುದಿಲ್ಲ.

ಬಲಗಡೆ ಮರಗಳ ಆಚೆ ದೊಡ್ಡ ಗುಮ್ಮಟ ಕಂಡರೆ ಊರ ನಡುಭಾಗ ಹತ್ತಿರವಾಯಿತು ಅಂತ ತಿಳಿಯಿರಿ. ಅದು ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್. 1880ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು. ಆಸ್ಟ್ರೇಲಿಯಾದ ಮೊದಲ ಪಾರ್ಲಿಮೆಂಟ್ 1901ರ ಮೇ 9ರಂದು ಉದ್ಘಾಟನೆಯಾದದ್ದು ಇದರೊಳಗೆ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಮ್ಯೂಸಿಯಂ. ಇಲ್ಲಿ ಇಳಿದು ಕಾರ್ಲ್ಟನ್ ಗಾರ್ಡನ್ಸ್‌ನ ಬೆಂಚಿನಲ್ಲಿ ಕೂರಬಹುದು. ಮೊದಲ ದಿನಕ್ಕೆ ಇಷ್ಟು ಸಾಕು ಅನ್ನಿಸಿದರೆ ಇಲ್ಲಿಂದಲೇ ವಾಪಸ್ ಬನ್ನಿ, ಮರುದಿನ ಮುಂದೆ ಹೋಗಿ. ನಾವು ಹಾಗೇ ಮಾಡಿದ್ದು.

ಪಾರ್ಲಿಮೆಂಟ್ ಹತ್ತಿರ ಟ್ರಾಮ್ ಬಲಕ್ಕೆ ತಿರುಗಿ ಬರ್ಕ್ ಸ್ಟ್ರೀಟಿಗೆ ಇಳಿಯುತ್ತದೆ. ಊರಿನ ನಟ್ಟನಡುವಿನ ಬೀದಿ. ಸ್ವಾನ್ಸ್‌ಟನ್ ಸ್ಟ್ರೀಟಿನಿಂದ ಎಲಿಜಬೆತ್ ಸ್ಟ್ರೀಟಿನವರೆಗೆ ಕಾರು ಬಿಡುವುದೇ ಇಲ್ಲ, ಜನ ಮತ್ತು ಟ್ರಾಮ್ ಮಾತ್ರ. ಮೂಲೆಯಲ್ಲಿ ಹಳೆಯ ಪೋಸ್ಟ್ ಆಫೀಸಿನ ಗಡಿಯಾರದ ಗೋಪುರ. ಇಳಿದು ಓಡಾಡುವಾಗ ಕಂಬಿ ಎಲ್ಲಿದೆ ಅಂತ ಗಮನ ಇರಲಿ. ಡಣ್ ಡಣ್ ಅಂತ ಗಂಟೆ ಕೇಳಿದರೆ ಪಕ್ಕಕ್ಕೆ ಬನ್ನಿ, ಟ್ರಾಮಿಗೆ ಪಕ್ಕಕ್ಕೆ ಸರಿಯಲು ಬರುವುದಿಲ್ಲ.

ಈ ಬೀದಿಯಲ್ಲಿ ಎರಡು ವಿಷಯ ತಿಳಿದುಕೊಂಡೆ. ಇಲ್ಲಿ ಮೊದಲು ಓಡುತ್ತಿದ್ದುದು ನೆಲದೊಳಗಿನ ಕೇಬಲ್ ಎಳೆಯುವ ಟ್ರಾಮ್. 1940ರಲ್ಲಿ ಅದನ್ನು ನಿಲ್ಲಿಸಿ ಡಬಲ್ ಡೆಕರ್ ಬಸ್ಸು ಬಿಟ್ಟರು. ಹದಿನೈದು ವರ್ಷ ಆದ ಮೇಲೆ, 1955ರಲ್ಲಿ, ಬಸ್ಸು ತೆಗೆದು ಮತ್ತೆ ಕಂಬಿ ಹಾಕಿ ಕರೆಂಟಿನ ಟ್ರಾಮ್ ತಂದರು. ಮರುವರ್ಷ ನಿಕೋಲ್ಸನ್ ಸ್ಟ್ರೀಟಿಗೂ ಬಂತು. ಮದ್ರಾಸಿನ ಟ್ರಾಮ್ 1953ರಲ್ಲಿ ನಿಂತಿತು, ಮುಂಬಯಿಯದ್ದು 1964ರಲ್ಲಿ. ಅದೇ ಕಾಲದಲ್ಲಿ ಈ ಊರು ಹೊಸ ಕಂಬಿ ಹಾಕುತ್ತಿತ್ತು. ಅದಕ್ಕೇ ಇವತ್ತು 250 ಕಿಲೋಮೀಟರ್ ಟ್ರಾಮ್ ದಾರಿ ಇಲ್ಲಿ ಉಳಿದಿದೆ.

ಎರಡನೆಯದು ನಮ್ಮ ಕಂಡಕ್ಟರ್ ಜನರದ್ದು. 1990ರ ಜನವರಿಯಲ್ಲಿ ಸರ್ಕಾರ ಕಂಡಕ್ಟರುಗಳನ್ನು ತೆಗೆದು, ಪ್ರಯಾಣಿಕರೇ ಕೆರೆದು ಗುರುತು ಮಾಡುವ ಸ್ಕ್ರ್ಯಾಚ್ ಟಿಕೆಟ್ ತರಲು ಹೊರಟಿತು. ಟ್ರಾಮಿನವರು ಗಾಡಿಗಳನ್ನು ತಂದು ಊರ ನಡುವಿನ ಬೀದಿಗಳಲ್ಲಿ ಒಂದರ ಹಿಂದೊಂದು ನಿಲ್ಲಿಸಿಬಿಟ್ಟರು. ಸುಮಾರು ಒಂದು ತಿಂಗಳು ಅವು ಅಲ್ಲೇ ನಿಂತಿದ್ದವು. ಆಗ ಕೆಲಸ ಉಳಿಯಿತು. 1998ಕ್ಕೆ ಕೊನೆಯ ಕಂಡಕ್ಟರೂ ಹೋದರು. ಇದನ್ನು ಅಳಿಯ ಓದಿ ಹೇಳಿದ ದಿನ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ವಯಸ್ಸಾದವರಿಗೆ ಕೈ ಕೊಟ್ಟು ಹತ್ತಿಸುವವರು, 'ಅಜ್ಜಿ, ನಿಮ್ಮ ಸ್ಟಾಪ್ ಬಂತು' ಅಂತ ಕೂಗಿ ಹೇಳುವವರು ಬೇಕೇ ಬೇಕು ಅನ್ನುವವನು ನಾನು. ಇಲ್ಲಿ ಅದಕ್ಕೆ ಜನ ಇಲ್ಲದಿರುವುದರಿಂದಲೇ ಸ್ಟೇಜು ಬಾಯಿಪಾಠ ಮಾಡಿ ಅಂತ ಹೇಳುತ್ತಿರುವುದು.

ಬಾಯಿಪಾಠಕ್ಕೆ ಒಂದು ಸುಲಭ ದಾರಿ ಇದೆ. ಪ್ರತಿ ಸ್ಟಾಪಿನ ಕಂಬದಲ್ಲಿ ನಂಬರು ಇರುತ್ತದೆ. ಬ್ರನ್ಸ್‌ವಿಕ್ ಕಡೆಯಿಂದ ಬರುವಾಗ ನಂಬರು ಕಮ್ಮಿಯಾಗುತ್ತಾ ಬರುತ್ತದೆ, ಬರ್ಕ್ ಸ್ಟ್ರೀಟಿನ ಕೊನೆಗೆ ಒಂದಕ್ಕೆ ಇಳಿಯುತ್ತದೆ. ಎಡಕ್ಕೆ ಸ್ಪೆನ್ಸರ್ ಸ್ಟ್ರೀಟಿಗೆ ತಿರುಗಿದ ಮೇಲೆ 120ರ ಆಚೆಗೆ ಹಾರಿ, ಮುಂದೆ ಜಾಸ್ತಿಯಾಗುತ್ತಾ ಹೋಗುತ್ತದೆ. ಇಷ್ಟು ತಲೆಯಲ್ಲಿದ್ದರೆ ಊರಿನ ಯಾವ ಕಡೆ ಇದ್ದೀರಿ ಅಂತ ನಂಬರೇ ಹೇಳುತ್ತದೆ.

ಟ್ರಾಮಿನಲ್ಲಿ ಶೌಚಾಲಯ ಇಲ್ಲ. ನಮ್ಮ ವಯಸ್ಸಿನವರಿಗೆ, ಅದರಲ್ಲೂ ಶುಗರ್ ಇರುವವರಿಗೆ ಇದು ದೊಡ್ಡ ಚಿಂತೆ. ಎಷ್ಟೋ ಜನ ಮನೆ ಬಿಟ್ಟು ಹೊರಡದಿರುವುದೇ ಇದಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಸ್ಪೆನ್ಸರ್ ಸ್ಟ್ರೀಟಿಗೆ ತಿರುಗಿದ ಕೂಡಲೇ ಬಲಗಡೆ ಅಲೆಯಲೆಯಾದ ಚಾವಣಿಯ ಸದರ್ನ್ ಕ್ರಾಸ್ ರೈಲು ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿದು ಮುಗಿಸಿಕೊಳ್ಳಿ. ಹಿಂದೆಯೇ ಇನ್ನೊಂದು 96 ಬರುತ್ತದೆ. ಮುಂದೆ ಸೌತ್ ಮೆಲ್ಬರ್ನ್ ಮಾರ್ಕೆಟ್ಟಿನಲ್ಲೂ ಇದೆ, ಕೊನೆಯಲ್ಲಿ ಕಡಲ ದಂಡೆಯಲ್ಲೂ ಇದೆ. ಇದು ಗೊತ್ತಿದ್ದರೆ ನೀರು ಕುಡಿಯದೆ ಹೊರಡುವ ಕಷ್ಟ ತಪ್ಪುತ್ತದೆ.

ನದಿ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಟ್ರಾಮಿನ ನಡಿಗೆಯೇ ಬದಲಾಗುತ್ತದೆ. ರಸ್ತೆ ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ. ಸಿಗ್ನಲ್ ಕಮ್ಮಿ, ವೇಗ ಜಾಸ್ತಿ. ಕಾರಣ, ಇದು 1857ರಲ್ಲಿ ಶುರುವಾದ ಹಳೆಯ ರೈಲು ದಾರಿ. 1987ರಲ್ಲಿ ರೈಲು ನಿಲ್ಲಿಸಿ, ಕಂಬಿಯ ಅಗಲ ಕಮ್ಮಿ ಮಾಡಿ, ಅದೇ ವರ್ಷ ಟ್ರಾಮ್ ಬಿಟ್ಟರು. ಸೌತ್ ಮೆಲ್ಬರ್ನ್, ಆಲ್ಬರ್ಟ್ ಪಾರ್ಕ್, ಮಿಡ್ಲ್ ಪಾರ್ಕ್, ಇವೆಲ್ಲ ಆಗಿನ ರೈಲು ಸ್ಟೇಷನ್ನುಗಳು. ಎರಡೂ ಕಡೆ ಮನೆಗಳ ಹಿತ್ತಿಲು. ಒಣಹಾಕಿದ ಬಟ್ಟೆ, ನಿಂಬೆ ಗಿಡ, ಬೇಲಿಯ ಮೇಲೆ ಬೆಕ್ಕು. ಇಡೀ ದಾರಿಯಲ್ಲಿ ನನಗೆ ಇಷ್ಟವಾದ ಭಾಗ ಇದು. ಮಾರ್ಕೆಟ್ ನೋಡಬೇಕು ಅಂದರೆ ಬುಧವಾರ, ಶುಕ್ರವಾರ, ಶನಿವಾರ, ಭಾನುವಾರ ಮಾತ್ರ ಹೋಗಿ, ಉಳಿದ ದಿನ ಮುಚ್ಚಿರುತ್ತದೆ.

ಸೇಂಟ್ ಕಿಲ್ಡಾದ ಫಿಟ್ಜ್‌ರಾಯ್ ಸ್ಟ್ರೀಟಿನಲ್ಲಿ ಮತ್ತೆ ರಸ್ತೆಗೆ ಬಂದು, ಅದರ ಕೊನೆಗೆ ಎಡಕ್ಕೆ ತಿರುಗಿದರೆ ಬಲಗಡೆ ಕಡಲು. ಪೋರ್ಟ್ ಫಿಲಿಪ್ ಕೊಲ್ಲಿ. ನಮ್ಮ ಮಲ್ಪೆಯ ಹಾಗೆ ಅಲೆ ಅಬ್ಬರಿಸುವುದಿಲ್ಲ, ದೊಡ್ಡ ಕೆರೆಯ ಹಾಗೆ ಇರುತ್ತದೆ. ಆದರೆ ಗಾಳಿ ಭಾರೀ ಜೋರು. ಬೇಸಿಗೆಯಾದರೂ ಸ್ವೆಟರ್, ಕಿವಿಗೆ ಮಫ್ಲರ್ ಇರಲಿ. ಬಾಯಿ ತೆರೆದ ದೊಡ್ಡ ಮುಖ ಕಂಡರೆ ಅದು ಲೂನಾ ಪಾರ್ಕ್, 1912ರಿಂದ ಇದೆ. ಆ ಬಾಯೊಳಗಿಂದಲೇ ಒಳಗೆ ಹೋಗಬೇಕು. ಅದರಾಚೆ ಆಕ್ಲೆಂಡ್ ಸ್ಟ್ರೀಟ್, ಲಾಸ್ಟ್ ಸ್ಟಾಪ್. ಕಿಟಕಿ ತುಂಬ ಕೇಕ್ ಜೋಡಿಸಿಟ್ಟ ಅಂಗಡಿಗಳಿವೆ. ಮೊಟ್ಟೆ ತಿನ್ನದವರು 'ನೋ ಎಗ್?' ಅಂತ ಕೇಳಿ, ತಾಳ್ಮೆಯಿಂದ ಹೇಳುತ್ತಾರೆ. ನಾವು ಮನೆಯಿಂದ ಚಿತ್ರಾನ್ನದ ಡಬ್ಬಿ ತಂದಿದ್ದೆವು. ಕಡಲಿಗೆ ಮುಖ ಮಾಡಿದ ಬೆಂಚಿನಲ್ಲಿ ಕೂತು ತಿಂದೆವು. ಸೀಗಲ್ ಹಕ್ಕಿಗಳು ಕಾಲ ಹತ್ತಿರವೇ ಬರುತ್ತವೆ. ಒಂದು ಅಗುಳು ಹಾಕಿದರೆ ನಲವತ್ತು ಬರುತ್ತವೆ, ಹಾಕಬೇಡಿ.

ವಾಪಸ್ ಬರಲು ಅದೇ ಜಾಗದಲ್ಲಿ ಹತ್ತಿ. ಈ ಟ್ರಾಮಿಗೆ ಹಿಂದೆ ಮುಂದೆ ಅಂತಿಲ್ಲ, ಎರಡು ತುದಿಯಲ್ಲೂ ಡ್ರೈವರ್ ಕೂರುವ ಜಾಗ ಇದೆ. ಡ್ರೈವರು ಇಳಿದು, ಉದ್ದಕ್ಕೆ ನಡೆದು, ಆ ತುದಿಗೆ ಹೋಗಿ ಕೂರುತ್ತಾರೆ. ಬೋರ್ಡಿನಲ್ಲಿ ಈಸ್ಟ್ ಬ್ರನ್ಸ್‌ವಿಕ್ ಅಂತ ಬರುವವರೆಗೆ ನೋಡಿ. ಕಾರ್ಡು ಮತ್ತೆ ತೋರಿಸಿ. ಈ ಸಲ ಎಡಗಡೆ ಕಿಟಕಿ. ಮೂರೂವರೆಯ ಮೇಲೆ ಶಾಲೆ ಬಿಟ್ಟ ಮಕ್ಕಳು ತುಂಬಿಕೊಳ್ಳುತ್ತಾರೆ, ಎರಡೂವರೆಯೊಳಗೆ ಹೊರಟುಬಿಡಿ.

ಇಳಿಯುವಾಗ ಮುಂದಿನ ಬಾಗಿಲಿನಿಂದ ಇಳಿದರೆ ಡ್ರೈವರಿಗೆ ಕೈ ಎತ್ತಿ 'ಥ್ಯಾಂಕ್ಯೂ' ಅನ್ನಿ. ಇಲ್ಲಿ ತುಂಬ ಜನ ಹಾಗೆ ಹೇಳುತ್ತಾರೆ. ನಾನು ಹೇಳಿದಾಗ ಕನ್ನಡಿಯಲ್ಲಿ ನೋಡಿ ಗಂಟೆ ಒಂದು ಸಲ ಡಣ್ ಅನ್ನಿಸಿದರು.