ಎಸ್‌ಎಸ್‌ಡಿಗೆ ಏನು, ಹಾರ್ಡ್ ಡಿಸ್ಕಿಗೆ ಏನು: ನಾನು ಹಂಚಿಕೊಂಡ ರೀತಿ

ಹಳೇ ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ತೆಗೆದು, ಆ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ 1 ಟಿಬಿ ಹಾರ್ಡ್ ಡಿಸ್ಕ್ ಕೂರಿಸಿದೆ. ಹಾರ್ಡ್ ಡಿಸ್ಕ್ ಇದ್ದ ಕಡೆ 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡ್ರೈವ್) ಬಂತು. ಉಲ್ಟಾ ಹಾಕಬೇಡಿ, ಕೆಲವು ಹಳೇ ಮಾಡೆಲ್‌ಗಳಲ್ಲಿ ಡಿವಿಡಿ ಕಡೆಯ ಪೋರ್ಟ್ ನಿಧಾನ. ಕ್ಯಾಡಿಯಲ್ಲಿ 9.5 ಮತ್ತು 12.7 ಮಿಲಿಮೀಟರ್ ಅಂತ ಎರಡು ದಪ್ಪ ಸಿಗುತ್ತವೆ, ಅಳೆದು ತಗೊಳ್ಳಿ. ಡಬ್ಬದ ಮೇಲೆ 256 ಇದ್ದರೂ ವಿಂಡೋಸ್ ತೋರಿಸುವುದು 238. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ, ಅಷ್ಟೇ.

ಪ್ರೋಗ್ರಾಂ ಎಲ್ಲಾ ಸಿ (ಎಸ್‌ಎಸ್‌ಡಿ), ಫೈಲ್ ಎಲ್ಲಾ ಡಿ (ಹಾರ್ಡ್ ಡಿಸ್ಕ್) ಅಂತ ಸುಮಾರು ಜನ ಹೇಳ್ತಾರೆ. ಅದು ಅರ್ಧ ಸರಿ. ನಾನು ನೋಡುವುದು ಕಂಪ್ಯೂಟರ್ ಅದನ್ನು ಹೇಗೆ ಓದುತ್ತದೆ ಅಂತ. ಒಂದೇ ದೊಡ್ಡ ವಿಡಿಯೋ ಉದ್ದಕ್ಕೆ ಓದುವುದಾದರೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಡುತ್ತದೆ, ಸಿನಿಮಾ ನೋಡೋಕೆ ಧಾರಾಳವಾಯ್ತು. ಆದರೆ ಸಾವಿರಾರು ಚಿಕ್ಕ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಬೇಕಾದರೆ ಪ್ರತಿ ಸಲ ಅದರ ಹೆಡ್ (ಓದುವ ಮುಳ್ಳು) ಜಾಗ ಬದಲಿಸಬೇಕು, ಒದ್ದಾಟ ಶುರುವಾಗುವುದೇ ಅಲ್ಲಿ.

ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್ ತಗೊಳ್ಳಿ. ಅದರ ಕ್ಯಾಟಲಾಗ್ (ಫೋಟೋಗಳ ಪಟ್ಟಿ) ಮತ್ತು ಪ್ರಿವ್ಯೂಗಳು (ಚಿಕ್ಕ ನಕಲುಗಳು) ಫೈಲುಗಳೇ, ಆದರೂ ಅವನ್ನು ಸಿಯಲ್ಲೇ ಇಟ್ಟೆ, ಫೋಟೋ ಜಾರಿಸುತ್ತಾ ಹೋದಂತೆಲ್ಲ ಕೈ ಹಾಕುವುದು ಅವಕ್ಕೇ. ರಾ ಫೋಟೋಗಳು (ಕ್ಯಾಮೆರಾದ ಮೂಲ ಫೈಲುಗಳು) ಮಾತ್ರ ಡಿಗೆ ಹೋದವು. ಫೋಲ್ಡರನ್ನು ಲೈಟ್‌ರೂಮ್ ಒಳಗಿಂದಲೇ ಎಳೆದು ಡಿಗೆ ಬಿಟ್ಟೆ. ಎಕ್ಸ್‌ಪ್ಲೋರರ್‌ನಲ್ಲಿ ಕಟ್-ಪೇಸ್ಟ್ ಮಾಡಿದರೆ ಅದಕ್ಕೆ ದಾರಿ ತಪ್ಪಿ, ಫೋಲ್ಡರ್ ಮೇಲೆ ಪ್ರಶ್ನೆ ಚಿಹ್ನೆ ಕೂರುತ್ತದೆ.

ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ವಿಡಿಯೋಸ್ ಕಳಿಸುವುದು ಸುಲಭ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡಿಯಲ್ಲಿ ಮೊದಲೇ ಅದೇ ಹೆಸರಿನ ಫೋಲ್ಡರ್ ಮಾಡಿಟ್ಟುಕೊಳ್ಳಿ. ಬರೀ ಡಿ ಡ್ರೈವನ್ನೇ ತೋರಿಸಿಬಿಟ್ಟರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿ ಕೂರುತ್ತದೆ, ವಾಪಸ್ ಸರಿ ಮಾಡುವುದು ತಲೆನೋವು.

ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಮಾತ್ರ ಕಟ್-ಪೇಸ್ಟ್ ಮಾಡಲೇಬೇಡಿ. ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆ), ಶಾರ್ಟ್‌ಕಟ್, ಸರ್ವಿಸ್ ಎಲ್ಲದರಲ್ಲೂ ಹಳೇ ವಿಳಾಸವೇ ಇರುತ್ತದೆ. ಬೇರೆ ಡ್ರೈವಿಗೆ ಬೇಕೇ ಬೇಕಾದರೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ಸ್ಟೀಮ್ ಗೇಮ್‌ಗಳಿಗೆ ಆ ಕಷ್ಟ ಇಲ್ಲ, ಅದರೊಳಗೇ ಮೂವ್ ಆಯ್ಕೆ ಇದೆ.

ನಿಜ ಹೇಳಬೇಕಂದ್ರೆ ಸಿ ತುಂಬುವುದು ಪ್ರೋಗ್ರಾಂಗಳಿಂದ ಅಲ್ಲ. ಯಾವುದು ಎಷ್ಟು ಜಾಗ ಹಿಡಿದಿದೆ ಅಂತ ತೋರಿಸುವ ವಿಜ್‌ಟ್ರೀ ಹಾಕಿ ನೋಡಿದರೆ ಜಾಸ್ತಿ ಜಾಗ ತಿಂದಿದ್ದು ಆ್ಯಪ್‌ಡೇಟಾ ಫೋಲ್ಡರ್ ಒಳಗಿನ ಕ್ಯಾಶ್‌ಗಳು (ಪ್ರೋಗ್ರಾಂಗಳು ಕೂಡಿಟ್ಟ ತಾತ್ಕಾಲಿಕ ಫೈಲುಗಳು). ಎಡಿಟಿಂಗ್ ಸಾಫ್ಟ್‌ವೇರಿನ ಹಳೇ ಕ್ಯಾಶ್ ಅಳಿಸಿದೆ. ಹೈಬರ್ನೇಶನ್ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಮಲಗುವುದು) ಆಫ್ ಮಾಡಿದೆ, 8 ಜಿಬಿ ರ‍್ಯಾಮ್ ಇದ್ದರೆ ಅದೊಂದೇ ಸುಮಾರು 3 ಜಿಬಿ ಹಿಡಿದಿರುತ್ತದೆ. ಬೇಗ ಬೂಟ್ ಆಗಿಸುವ ಫಾಸ್ಟ್ ಸ್ಟಾರ್ಟಪ್ ಕೂಡ ಅದರ ಜೊತೆ ಹೋಗುತ್ತದೆ, ಎಸ್‌ಎಸ್‌ಡಿ ಇರುವಾಗ ಅದೇನು ಗೊತ್ತೂ ಆಗಲ್ಲ. ರ‍್ಯಾಮ್ ಸಾಲದಾಗ ಬಳಕೆಯಾಗುವ ಪೇಜ್ ಫೈಲ್ ಮಾತ್ರ ಸಿಯಲ್ಲೇ ಇರಲಿ ಅಂತ ಬಿಟ್ಟೆ.

ಇನ್ನೊಂದು ವಿಷಯ. ಸ್ವಲ್ಪ ಹೊತ್ತು ಡಿ ಮುಟ್ಟದಿದ್ದರೆ ಹಾರ್ಡ್ ಡಿಸ್ಕ್ ತಿರುಗುವುದು ನಿಲ್ಲುತ್ತದೆ, ಆಮೇಲೆ ತೆರೆದಾಗ ಎರಡು ಮೂರು ಸೆಕೆಂಡ್ ಕಾಯಬೇಕು. ಕೆಟ್ಟಿದೆ ಅಂದ್ಕೋಬೇಡಿ. ಪವರ್ ಆಪ್ಶನ್ಸ್‌ನಲ್ಲಿ ಆ ಸಮಯ ಬದಲಿಸಬಹುದು. ನಾನು ಬದಲಿಸಲಿಲ್ಲ, ಬ್ಯಾಟರಿಯಾದರೂ ಉಳಿಯುತ್ತದಲ್ವಾ.