ಅಜ್ಜಿಗೆ ‘ನೀನು’ ಅನ್ನಬಹುದಾ? ಜರ್ಮನಿಗೆ ಮಕ್ಕಳನ್ನು ಕರೆದುಕೊಂಡು ಹೋದ ನನ್ನ ಅನುಭವ

ಬೆಂಗಳೂರಿನ ಶಾಲೆಯೊಂದರಲ್ಲಿ ನಾನು ಜರ್ಮನ್ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನ 12 ಮಕ್ಕಳನ್ನು ಎರಡು ವಾರದ ಮಟ್ಟಿಗೆ ಜರ್ಮನಿಯ ಟ್ಯೂಬಿಂಗನ್ ಪಕ್ಕದ ಊರಿಗೆ ಕರೆದುಕೊಂಡು ಹೋಗಿದ್ದೆ. ಹೋಟೆಲ್ ಇಲ್ಲ. ಅಲ್ಲಿನ ಶಾಲೆಯ ಮಕ್ಕಳ ಮನೆಗಳಲ್ಲೇ ವಾಸ. ಆಮೇಲೆ ಅದೇ ಮಕ್ಕಳು ಬಂದು ನಮ್ಮ ಮನೆಗಳಲ್ಲಿ ಉಳಿಯಬೇಕು ಅಂತ ಮೊದಲೇ ಮಾತಾಗಿತ್ತು.

ಕಾಗದ ಪತ್ರಗಳ ಕೆಲಸ ಆರು ತಿಂಗಳು ಮೊದಲೇ ಶುರು ಮಾಡಿದೆ. ಷೆಂಗೆನ್ ವೀಸಾಗೆ, ಅಂದರೆ ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾಗೆ, ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಬೇಕು. ಮಕ್ಕಳಾದ್ದರಿಂದ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ನಮಗೆ ತೊಡಕಾಗಿದ್ದು ಇನಿಷಿಯಲ್. ಒಬ್ಬ ಹುಡುಗನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಜನನ ಪ್ರಮಾಣ ಪತ್ರದಲ್ಲಿ ಬರೀ ‘ಕೆ’ ಅಂತಿತ್ತು. ಅದಕ್ಕೇ ಮೂರು ವಾರ ಓಡಾಡಿದೆವು. ನೀವು ಹೊರಡುವುದಾದರೆ ಮೊದಲ ದಿನವೇ ಎಲ್ಲರ ಹೆಸರುಗಳನ್ನು ತಾಳೆ ಹಾಕಿ ನೋಡಿ. ಹಾಗೇ ಅಮ್ಮಂದಿರು ತುಂಬಿಕೊಟ್ಟ ತುಪ್ಪದ ಡಬ್ಬಿಗಳನ್ನು ತೆಗೆಸಿ. ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವ ಹಾಗಿಲ್ಲ. ಚಟ್ನಿಪುಡಿಗೆ ತೊಂದರೆ ಆಗಲಿಲ್ಲ.

ಭಾಷೆಯ ತಯಾರಿಯಲ್ಲಿ ನಾನು ಮಾಡಿದ ದೊಡ್ಡ ಬದಲಾವಣೆ ಒಂದೇ. ಅಲ್ಲಿಯವರೆಗೆ ಇಂಗ್ಲಿಷಿನ ಮೂಲಕ ಜರ್ಮನ್ ಕಲಿಸುತ್ತಿದ್ದೆ, ಆ ವರ್ಷ ಕನ್ನಡದ ಮೂಲಕ ಕಲಿಸಿದೆ. ಜರ್ಮನ್‌ನಲ್ಲಿ ‘ವೈಲ್’, ಅಂದರೆ ‘ಯಾಕಂದ್ರೆ’, ಬಂದರೆ ಆ ಭಾಗದ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗುವಿಗೆ ಅದು ತಲೆನೋವು. ‘ಕ್ರಿಯಾಪದ ನಮ್ಮ ಜಾಗಕ್ಕೆ ಬಂತು’ ಅಂದೆ, ಮಕ್ಕಳು ಹಿಡಿದುಬಿಟ್ಟರು. ‘ದು’ ಮತ್ತು ‘ಝೀ’ ಕೂಡ ಅಷ್ಟೇ. ಒಂದು ನೀನು, ಇನ್ನೊಂದು ನೀವು.

ಆದರೂ ಮೊದಲ ರಾತ್ರಿ ಒಬ್ಬ ಹುಡುಗ ಅರೆಹೊಟ್ಟೆಯಲ್ಲಿ ಮಲಗಿದ. ಮೇಜಿನ ಮೇಲೆ ಬ್ರೆಡ್, ಚೀಸ್, ಸೌತೆಕಾಯಿ ಇಟ್ಟಿದ್ದರಂತೆ. ಎರಡು ತುಂಡು ತಿಂದು, ಬಿಸಿ ಊಟ ಈಗ ಬರುತ್ತದೆ ಅಂತ ಕಾದಿದ್ದಾನೆ. ಅದೇ ಊಟ! ಅನೇಕ ಮನೆಗಳಲ್ಲಿ ಬಿಸಿ ಅಡುಗೆ ಮಧ್ಯಾಹ್ನಕ್ಕೆ, ರಾತ್ರಿಯ ಊಟದ ಹೆಸರೇ ‘ಆಬೆಂಡ್‌ಬ್ರೋಟ್’, ಸಂಜೆಯ ಬ್ರೆಡ್. ಪಾಠದಲ್ಲಿ ಆ ಪದ ಕಲಿಸಿದ್ದೆ, ತಟ್ಟೆಯಲ್ಲಿ ಏನಿರುತ್ತದೆ ಅಂತ ಹೇಳಿರಲಿಲ್ಲ. ಇವತ್ತಿಗೂ ನನಗೆ ಅದು ಬೇಜಾರು.

ಮೂರನೇ ದಿನ ಒಬ್ಬಳು ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಬಂದಳು. ‘ಮಿಸ್, ಆ ಮನೆ ಅಜ್ಜಿ ಮಾತು ಒಂದೂ ಅರ್ಥ ಆಗ್ತಿಲ್ಲ. ಎರಡು ವರ್ಷ ಕಲಿತಿದ್ದು ವೇಸ್ಟ್.’ ಅಜ್ಜಿ ಮಾತಾಡುವುದು ಶ್ವೇಬಿಷ್, ಆ ಸೀಮೆಯ ಆಡುಮಾತಿನ ಜರ್ಮನ್. ನಾನು ಅನ್ನೋದಕ್ಕೆ ಪುಸ್ತಕದ ‘ಇಷ್’ ಅಲ್ಲ, ಬರೀ ‘ಇ’. ಪುಟ್ಟ ಮನೆ ‘ಹೊಯ್ಸ್‌ಲೆ’. ‘ನೀನು ಮೈಸೂರಿನವಳು. ಮೊದಲ ಸಲ ಧಾರವಾಡದ ಮಾತು ಕೇಳಿದಾಗ ಏನಾಯ್ತು?’ ಅಂತ ಕೇಳಿದೆ. ಸ್ವಲ್ಪ ನಕ್ಕಳು.

ಅವಳಿಗೆ ಇನ್ನೊಂದು ಸಂಕಟ ಇತ್ತು. ಅಜ್ಜಿಗೆ ‘ಝೀ’ ಅಂದರೆ ಅಜ್ಜಿ ಪ್ರತಿಸಲ ತಲೆ ಅಲ್ಲಾಡಿಸಿ, ‘ದು’ ಅಂತಲೇ ಕರಿ ಅನ್ನುತ್ತಿದ್ದರಂತೆ. ಹಿರಿಯರಿಗೆ ಹೇಗೆ ಅನ್ನೋದು?

‘ನಿಮ್ಮ ಅಮ್ಮನಿಗೆ ಏನಂತೀಯಾ?’

‘ನೀನು ಅಂತೀನಿ.’

‘ಅಪ್ಪನ ಆಫೀಸಿನವರಿಗೆ?’

‘ನೀವು.’

ಸುಮ್ಮನೆ ನಿಂತಳು. ಆಮೇಲೆ, ‘ಅಂದ್ರೆ ಅವರು ನನ್ನನ್ನ ಮನೆಯವಳು ಅಂತ ಸೇರಿಸ್ಕೊಂಡಿದ್ದಾರೆ ಅಲ್ವಾ?’ ಅಂದಳು. ಅವತ್ತು ಸಂಜೆ ಅಜ್ಜಿಯ ಜೊತೆ ಕೂತು ಹಿಟ್ಟು ಕಲಸಿ, ಶಾವಿಗೆಯಂಥ ಅಲ್ಲಿನ ತಿನಿಸು ‘ಶ್ಪೆಟ್ಸ್‌ಲೆ’ ಮಾಡಿದಳಂತೆ. ಚಟ್ನಿಪುಡಿ ಹಾಕಿಕೊಂಡು ತಿಂದರಂತೆ!

ಟ್ಯೂಬಿಂಗನ್‌ನಲ್ಲಿ ನೆಕಾರ್ ನದಿಯ ದಡದಲ್ಲಿ ಎರಡೂ ದೇಶದ ಮಕ್ಕಳನ್ನು ಕೂರಿಸಿಕೊಂಡು ಕಿಟೆಲ್ ಅವರ ವಿಷಯ ಹೇಳಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ತೀರಿಕೊಂಡಿದ್ದು ಇದೇ ಊರಿನಲ್ಲಿ, 1903ರಲ್ಲಿ. ನಮ್ಮ ಮಕ್ಕಳಿಗೆ ಹೆಸರು ಮಾತ್ರ ಗೊತ್ತಿತ್ತು. ಅಲ್ಲಿನ ಮಕ್ಕಳಿಗೆ ಅದೂ ಗೊತ್ತಿರಲಿಲ್ಲ. ಒಬ್ಬ ಜರ್ಮನ್ ಹುಡುಗ ನೋಟ್‌ಬುಕ್ ಚಾಚಿ, ನನ್ನ ಹೆಸರು ಕನ್ನಡದಲ್ಲಿ ಬರೆದುಕೊಡಿ ಅಂದ. ಆಮೇಲೆ ಸಾಲು ನಿಂತಿತು.

ಜನವರಿಯಲ್ಲಿ ಅವರು ಬೆಂಗಳೂರಿಗೆ ಬಂದರು. ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆಯ ಮುಂದೆ ಅದೇ ಹುಡುಗ ನಿಂತು, ಕೆಳಗಿನ ಕನ್ನಡ ಅಕ್ಷರಗಳ ಮೇಲೆ ಬೆರಳು ಓಡಿಸುತ್ತಾ ‘ಕಿ’ ಅಂದ. ಅವನ ಹೆಸರಿನಲ್ಲೂ ಅದೇ ಅಕ್ಷರ ಇತ್ತು.