ವಿದೇಶದ ಓದಿಗೆ ಹಣ ಹೊಂದಿಸುವುದು ಹೇಗೆ? ತೋಟ ಇದ್ದರೆ ಸಾಲದು, ಕಾಗದವೂ ಬೇಕು

ಜೂನ್ ತಿಂಗಳ ಮಳೆ. ಪ್ಲಾಸ್ಟಿಕ್ ಕವರಿನೊಳಗೆ ಪಹಣಿ ಇಟ್ಟುಕೊಂಡು ಅಪ್ಪ, ಮಗ ಬ್ಯಾಂಕಿಗೆ ಬರುತ್ತಾರೆ. ಮಗನಿಗೆ ಸೆಪ್ಟೆಂಬರಿನಲ್ಲಿ ಪರದೇಶದಲ್ಲಿ ತರಗತಿ ಶುರು. "ಮೂರೂವರೆ ಎಕರೆ ಅಡಿಕೆ ತೋಟ ಇದೆ ಸಾರ್. ಅದನ್ನ ಇಟ್ಕೊಂಡು ಒಂದು ಮೂವತ್ತು ಲಕ್ಷ ಕೊಡಿ" ಎನ್ನುತ್ತಾರೆ ಅಪ್ಪ. ತೋಟ ಚೆನ್ನಾಗಿದೆ. ಹುಡುಗನ ಅಂಕವೂ ಚೆನ್ನಾಗಿದೆ. ಸಾಲ ಮಾತ್ರ ಆಗುವುದಿಲ್ಲ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಶಾಖೆಗಳಲ್ಲಿ ಸಾಲದ ಮೇಜಿನ ಹಿಂದೆ ಕೂತು ಇದನ್ನು ಪ್ರತಿ ವರ್ಷ ನೋಡಿದ್ದೇನೆ. ದುಡ್ಡಿಲ್ಲದೆ ಉಳಿದವರಿಗಿಂತ ಕಾಗದ ಸರಿಯಿಲ್ಲದೆ ಉಳಿದವರೇ ಜಾಸ್ತಿ. ನಿವೃತ್ತಿಯಾದ ಮೇಲೂ ಮನೆ ಬಾಗಿಲಿಗೆ ಬಂದು ಕೇಳುವವರಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಗ್ರಿಯ ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಈ ಕೆಲಸವೂ ಶುರುವಾಗಿರಬೇಕು.

ಹೆಜ್ಜೆ 1: ಪೂರ್ತಿ ಲೆಕ್ಕ ಹಾಕಿ

ಫೀಸು ಮಾತ್ರ ನೋಡಿ ಕೂರಬೇಡಿ. ಊಟ, ಬಾಡಿಗೆ, ವಿಮೆ, ವಿಮಾನ, ವೀಸಾ ಎಲ್ಲ ಸೇರಿಸಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ ಎಂದು ಎಲ್ಲರೂ ಕುಣಿಯುತ್ತಾರೆ. ಆದರೆ ಒಂದು ವರ್ಷದ ಖರ್ಚು 11,904 ಯೂರೋವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಯೂರೋಗೆ 100 ರೂಪಾಯಿ ಎಂದು ಹಿಡಿದರೂ ಹೆಚ್ಚುಕಡಿಮೆ 12 ಲಕ್ಷ. ಅಲ್ಲಿಗೆ ಹೋದ ಮೇಲೆ ಅದು ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮ ಮಕ್ಕಳಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಕೂಡ ಇದೆ.

ಹೆಜ್ಜೆ 2: ಪುಕ್ಕಟೆ ದುಡ್ಡನ್ನು ಮೊದಲು ಕೇಳಿ

ಸಾಲಕ್ಕೆ ಮುಂಚೆ ಸ್ಕಾಲರ್‌ಶಿಪ್. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿಚಾರಿಸಿ. ಜಾಲತಾಣ ನೋಡಿ ಸುಮ್ಮನಾಗಬೇಡಿ. ಜಿಲ್ಲಾ ಕಚೇರಿಗೇ ಹೋಗಿ ಈ ವರ್ಷದ ಕೊನೆಯ ದಿನಾಂಕ ಕೇಳಿ ಬರೆದುಕೊಳ್ಳಿ.

ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಡಿಗ್ರಿ ಮುಗಿಸಿದ ವರ್ಷವೇ ಅರ್ಜಿ ಹಾಕಿ ಟೈಮ್ ಹಾಳು ಮಾಡಬೇಡಿ. 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಲೋನ್ ಸ್ಕಾಲರ್‌ಶಿಪ್. ಅಂದರೆ ವಾಪಸ್ ಕಟ್ಟಬೇಕು. ಹೆಸರಿನಲ್ಲಿ ಸ್ಕಾಲರ್‌ಶಿಪ್ ಕಂಡು ಪುಕ್ಕಟೆ ಅಂದುಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 3: ಅಡಿಕೆಯ ಆದಾಯಕ್ಕೆ ಕಾಗದ ಮಾಡಿಕೊಳ್ಳಿ

ಸಾಲ ಹುಡುಗನ ಹೆಸರಿಗೆ, ಆದರೆ ಜೊತೆಗೆ ಅಪ್ಪ ಅಥವಾ ಅಮ್ಮ ಸಹ ಅರ್ಜಿದಾರರು. ಅವರ ಆದಾಯಕ್ಕೆ ದಾಖಲೆ ಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಲ್ಲ, ಹಾಗಾಗಿ ನಮ್ಮಲ್ಲಿ ರಿಟರ್ನ್ ಸಲ್ಲಿಸುವ ಅಭ್ಯಾಸವೇ ಇಲ್ಲ. ಅಡಿಕೆ ಕೊಟ್ಟಿದ್ದು ಊರಿನ ವ್ಯಾಪಾರಿಗೆ, ದುಡ್ಡು ಬಂದಿದ್ದು ಕೈಗೆ, ಖರ್ಚಾಗಿದ್ದು ಮದುವೆಗೆ. ಬ್ಯಾಂಕಿನ ಕಣ್ಣಿಗೆ ಈ ಮನೆಯಲ್ಲಿ ಆದಾಯವೇ ಇಲ್ಲ.

ನನ್ನ ಸಲಹೆ ಇಷ್ಟೇ. ಮಗಳು ಪಿಯುಸಿಯಲ್ಲಿರುವಾಗಿನಿಂದಲೇ ಅಡಿಕೆಯನ್ನು ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದ ಮೂಲಕವೋ ಎಪಿಎಂಸಿ ಮಂಡಿಯ ಮೂಲಕವೋ ಕೊಡಿ. ಮಾರಾಟದ ಪಟ್ಟಿ, ಅಂದರೆ ಬಿಲ್ಲು, ತಪ್ಪದೆ ಇಟ್ಟುಕೊಳ್ಳಿ. ಹಣ ಖಾತೆಗೇ ಬರಲಿ. ಕೃಷಿ ಆದಾಯ ತೋರಿಸಿ ಮೂರು ವರ್ಷ ರಿಟರ್ನ್ ಹಾಕಿ. ತೆರಿಗೆ ಬೀಳದಿದ್ದರೂ ಹಾಕಿ.

ಇನ್ನೊಂದು ತಮಾಷೆ ಇದೆ. ಬಿಪಿಎಲ್ ಕಾರ್ಡಿಗಾಗಿ ನಾಡಕಚೇರಿಯಲ್ಲಿ ವರ್ಷಕ್ಕೆ ನಲವತ್ತು ಸಾವಿರ ಎಂದು ಆದಾಯ ಪ್ರಮಾಣಪತ್ರ ಮಾಡಿಸಿರುತ್ತಾರೆ. ಬ್ಯಾಂಕಿಗೆ ಬಂದು ಎಂಟು ಲಕ್ಷ ಎನ್ನುತ್ತಾರೆ. ಎರಡೂ ಕಾಗದ ಒಂದೇ ಫೈಲಿನಲ್ಲಿ! ಯಾವುದು ನಿಜ ಗೌಡ್ರೇ ಎಂದು ಕೇಳಿದರೆ ಇಬ್ಬರಿಗೂ ಮುಜುಗರ. ಕಾರ್ಡು ಬೇಕೋ ಸಾಲ ಬೇಕೋ ಮೊದಲೇ ತೀರ್ಮಾನ ಮಾಡಿ.

ಸಿಬಿಲ್, ಅಂದರೆ ನಿಮ್ಮ ಹಳೆಯ ಸಾಲಗಳ ಚರಿತ್ರೆ, ಅದನ್ನೂ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಸಾಲಕ್ಕೆ ಅಪ್ಪ ಹಾಕಿದ ಜಾಮೀನು ಸಹಿ ಅಲ್ಲೇ ಕಾಣುವುದು. 2018ರ ಸಾಲ ಮನ್ನಾ ಸಮಯದಲ್ಲಿ "ಹೇಗೂ ಮನ್ನಾ ಆಗುತ್ತೆ" ಎಂದು ಕಂತು ನಿಲ್ಲಿಸಿದವರ ಕಥೆಯೂ ಅಲ್ಲೇ.

ಹೆಜ್ಜೆ 4: ಅಡಮಾನ. ಎಲ್ಲರೂ ಎಡವುವುದು ಇಲ್ಲೇ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ. ಅಲ್ಲಿಂದ ಏಳೂವರೆ ಲಕ್ಷದವರೆಗೆ ಇನ್ನೊಬ್ಬರ ಜಾಮೀನು ಕೇಳಬಹುದು. ಅದಕ್ಕಿಂತ ಮೇಲೆ ಆಸ್ತಿ ಅಡಮಾನ. ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಅಡಮಾನವಿಲ್ಲದೆ ಕೊಡುವ ಬ್ಯಾಂಕುಗಳೂ ಇವೆ, ಮೊದಲು ಅದನ್ನೇ ಕೇಳಿ. ಉಳಿದವರಿಗೆ ಆಸ್ತಿಯೇ ಗತಿ.

ಹಾಗಾದರೆ ತೋಟವನ್ನೇಕೆ ಒಪ್ಪುವುದಿಲ್ಲ? ಮ್ಯಾನೇಜರಿಗೆ ತೋಟದ ಬೆಲೆ ಗೊತ್ತಿಲ್ಲ ಎಂದಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಡುತ್ತದೆ. ಆ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತನ ರಕ್ಷಣೆಗೆ ಮಾಡಿದ ನಿಯಮ ಅದು, ಒಳ್ಳೆಯದೇ. ಆದರೆ ಅದರಿಂದಾಗಿಯೇ ಹೆಚ್ಚಿನ ಬ್ಯಾಂಕುಗಳು ಓದಿನ ಸಾಲಕ್ಕೆ ತೋಟ, ಗದ್ದೆ ಮುಟ್ಟುವುದಿಲ್ಲ. ಮ್ಯಾನೇಜರ್ ಜೊತೆ ಜಗಳ ಆಡಿ ಪ್ರಯೋಜನವಿಲ್ಲ.

ನಡೆಯುವುದು ಯಾವುದು? ಪೇಟೆಯ ಮನೆ ಅಥವಾ ಸೈಟು. ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಅತ್ತೆಯದೊಂದು ಮನೆ ಇದ್ದರೂ ಆಗುತ್ತದೆ, ಅವರು ಬಂದು ಸಹಿ ಹಾಕಬೇಕು ಅಷ್ಟೆ. ಇ-ಖಾತೆ ಆಗಿರಬೇಕು. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ, ಅಂದರೆ ಅನಧಿಕೃತ ಆಸ್ತಿಯ ನಮೂನೆ, ಕಂಡರೆ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ತೋಟದ ನಡುವೆ ಲಕ್ಷಾಂತರ ಸುರಿದು ಕಟ್ಟಿದ ಮನೆ, ಜಾಗ ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ ಅಂದರೆ ಕಾಗದದಲ್ಲಿ ಅದು ಇನ್ನೂ ತೋಟವೇ.

ಆಮೇಲೆ ಹೆಸರಿನ ಪ್ರಶ್ನೆ. ನಮ್ಮ ಕಡೆ ಅರ್ಧ ಮನೆಗಳು ಇನ್ನೂ ಅಜ್ಜನ ಹೆಸರಿನಲ್ಲಿವೆ. ಅಜ್ಜ ತೀರಿ ಹದಿನೈದು ವರ್ಷ ಆಗಿರುತ್ತದೆ. ಮೊದಲು ವಂಶವೃಕ್ಷ, ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು). ಆಮೇಲೆ ವಿಭಾಗ ಪತ್ರ ಮಾಡಿಸಿ ನೋಂದಣಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಉಡುಪಿಗೆ ಕೊಟ್ಟ ಅತ್ತೆಯೂ ಬರಬೇಕು, ಮುಂಬೈ ಸೇರಿದ ಚಿಕ್ಕಪ್ಪನೂ ಬರಬೇಕು. "ಅವರು ಏನೂ ಅನ್ನಲ್ಲ ಸಾರ್" ಎನ್ನುವ ಮಾತು ಬ್ಯಾಂಕಿನ ವಕೀಲರ ಹತ್ತಿರ ನಡೆಯುವುದಿಲ್ಲ. ಹತ್ತು ವರ್ಷ ಮಾತು ಬಿಟ್ಟಿರುವ ಅಣ್ಣ-ತಮ್ಮಂದಿರಿದ್ದರೆ ಈ ಕೆಲಸ ಆರು ತಿಂಗಳು ತಿನ್ನುತ್ತದೆ. ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಮಾತು ಮುಗಿಸಿ. ಜೂನಿನಲ್ಲಿ ಯಾರೂ ಸಿಗುವುದಿಲ್ಲ.

ಮೂರನೆಯದು ಇ.ಸಿ. ಅಂದರೆ ಋಣಭಾರ ಪತ್ರ. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕು. ಮೂಲ ಕ್ರಯಪತ್ರ ಕೈಯಲ್ಲಿದೆಯೇ ನೋಡಿ. ಗೆದ್ದಲು ತಿಂದಿದ್ದರೆ, ಮಳೆಗೆ ನೆನೆದು ಹೋಗಿದ್ದರೆ ದೃಢೀಕೃತ ನಕಲು ತೆಗೆಸಬಹುದು. ಆದರೆ ಮೂಲ ಎಲ್ಲಿ ಹೋಯಿತು ಎಂದು ಬ್ಯಾಂಕು ಕೇಳೇ ಕೇಳುತ್ತದೆ. ಎಲ್ಲೋ ಕೈಸಾಲಕ್ಕೆ ಅಡ ಇಟ್ಟಿದ್ದೀರಾ ಎಂಬ ಅನುಮಾನ ಅದಕ್ಕೆ.

ಆಸ್ತಿಯೇ ಬೇಡ ಅಂದರೆ ಎಫ್.ಡಿ. ಇಡಬಹುದು, ಎಲ್ಐಸಿ ಪಾಲಿಸಿ ಇಡಬಹುದು. ಪಾಲಿಸಿಯಲ್ಲಿ ಲೆಕ್ಕಕ್ಕೆ ಹಿಡಿಯುವುದು ಇವತ್ತಿನ ಸರೆಂಡರ್ ಬೆಲೆ, ಅಂದರೆ ಈಗಲೇ ಮುರಿದರೆ ಸಿಗುವ ಹಣ. "ಹತ್ತು ಲಕ್ಷದ ಪಾಲಿಸಿ" ಎಂದು ತಂದಿದ್ದು ಎರಡು ಲಕ್ಷಕ್ಕೂ ಬಾರದೆ ಇರಬಹುದು.

ಬಗರ್ ಹುಕುಂ ಜಾಗದವರದು, ಶರಾವತಿ ಮುಳುಗಡೆ ಕುಟುಂಬಗಳದು ಬೇರೆಯೇ ಸಂಕಟ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಮುಳುಗಿದ ಊರಿನವರ ಮೊಮ್ಮಕ್ಕಳು ಎಂಜಿನಿಯರಿಂಗ್ ಮುಗಿಸಿದ್ದಾರೆ, ಅನೇಕರಿಗೆ ಜಮೀನಿನ ಹಕ್ಕು ಇನ್ನೂ ಗಟ್ಟಿಯಾಗಿಲ್ಲ. ಅಂಥ ಮನೆಯ ಮಕ್ಕಳಿಗೆ ನಾನು ಹೇಳುವುದು: ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿರುವ ಅಕ್ಕನನ್ನೋ ಅಣ್ಣನನ್ನೋ ಸಹ ಅರ್ಜಿದಾರರಾಗಿ ಹಾಕಿ, ಫೀಸು ಇಲ್ಲದ ಕಡೆ ಸೀಟು ಹುಡುಕಿ, ಸಾಲ ಚಿಕ್ಕದಾಗಿಸಿ.

ಖಾಸಗಿ ಫೈನಾನ್ಸ್ ಕಂಪನಿಗಳು ಅಡಮಾನವಿಲ್ಲದೆ ವಾರದೊಳಗೆ ಕೊಡುತ್ತೇವೆ ಎಂದು ಫೋನ್ ಮಾಡುತ್ತವೆ. ಕೊಡುತ್ತಾರೆ, ನಿಜ. ಬಡ್ಡಿ ಜಾಸ್ತಿ, ಪ್ರೊಸೆಸಿಂಗ್ ಫೀಸು ಜಾಸ್ತಿ, ಜೊತೆಗೊಂದು ವಿಮೆ ಅಂಟಿಸುತ್ತಾರೆ. ಎಲ್ಲ ದಾರಿ ಮುಚ್ಚಿದ ಮೇಲೆ ಮಾತ್ರ ಆ ಕಡೆ ಹೋಗಿ.

ಹೆಜ್ಜೆ 5: ಅರ್ಜಿ ಹಾಕಿ

ಎರಡು ಬ್ಯಾಂಕಿನಲ್ಲಿ ವಿಚಾರಿಸಿ, ಒಂದರಲ್ಲಿ ಹಾಕಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನಮ್ಮ ದೇಶದೊಳಗಿನ ಆಯ್ದ ಕಾಲೇಜುಗಳಿಗೆ ಮಾತ್ರ. ಅದರ ಪೇಪರ್ ಕಟಿಂಗ್ ಹಿಡಿದು ಬರಬೇಡಿ.

ಕಂತಿನ ಲೆಕ್ಕವನ್ನು ಮಗನೇ ಹಾಕಲಿ. ಮೊದಲ ವರ್ಷ 15 ಲಕ್ಷ, ಎರಡನೇ ವರ್ಷ 15 ಲಕ್ಷ ತೆಗೆದಿರಿ ಅನ್ನೋಣ. ಬಡ್ಡಿ ನೂರಕ್ಕೆ 10. ಎರಡು ವರ್ಷದ ಓದು, ಮೇಲೊಂದು ವರ್ಷ ಬಿಡುವು. ಆ ಮೂರು ವರ್ಷದ ಸರಳ ಬಡ್ಡಿಯೇ ಏಳೂವರೆ ಲಕ್ಷ. ಕಟ್ಟಲು ಶುರು ಮಾಡುವಾಗ ಸಾಲ ಮೂವತ್ತಲ್ಲ, ಮೂವತ್ತೇಳೂವರೆ ಲಕ್ಷ. 15 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 40,300 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ಒಂದು ಪರ್ಸೆಂಟ್ ಬಿಡುತ್ತವೆ. ಊರಿಂದ ಅಷ್ಟನ್ನಾದರೂ ಕಟ್ಟಿ.

ಹೆಜ್ಜೆ 6: ನಿಮ್ಮ ಪಾಲು

ವಿದೇಶದ ಓದಿಗೆ ಬ್ಯಾಂಕು ಪೂರ್ತಿ ಕೊಡುವುದಿಲ್ಲ. ನೂರಕ್ಕೆ 15 ನಿಮ್ಮ ಕೈಯಿಂದ ಬರಬೇಕು. ಇದಕ್ಕೆ ಮಾರ್ಜಿನ್ ಅನ್ನುತ್ತಾರೆ. 30 ಲಕ್ಷದ ಖರ್ಚಿಗೆ ನಾಲ್ಕೂವರೆ ಲಕ್ಷ. ಹೆಚ್ಚಿನವರಿಗೆ ಗೊತ್ತಿಲ್ಲದ ಎರಡು ವಿಷಯ: ಸಿಕ್ಕ ಸ್ಕಾಲರ್‌ಶಿಪ್ಪನ್ನು ಈ ಪಾಲಿನಲ್ಲಿ ಸೇರಿಸಬಹುದು. ಒಟ್ಟಿಗೇ ಕಟ್ಟಬೇಕಿಲ್ಲ, ಪ್ರತಿ ವರ್ಷ ಹಣ ಬಿಡುಗಡೆಯಾಗುವಾಗ ಅದರ ಪ್ರಮಾಣದಲ್ಲಿ ಹಾಕಿದರೆ ಸಾಕು.

ಕೊಯ್ಲು ಮುಗಿದು ಅಡಿಕೆ ಒಣಗುವ ಹೊತ್ತಿಗೂ ಕಾಲೇಜುಗಳು ಮುಂಗಡ ಫೀಸು ಕೇಳುವ ಹೊತ್ತಿಗೂ ಚೆನ್ನಾಗಿ ಹೊಂದುತ್ತದೆ. ರಾಶಿ ಇಡಿಗೆ (ಅಡಿಕೆಯ ಒಂದು ದರ್ಜೆ) ರೇಟ್ ಏರಲಿ ಎಂದು ಕಾಯುತ್ತಾ ಕೂತು ಸೀಟು ಕಳೆದುಕೊಂಡವರಿದ್ದಾರೆ. ಬೇಕಾದಷ್ಟು ಮಾರಿ, ಉಳಿದಿದ್ದನ್ನು ಇಟ್ಟುಕೊಂಡು ಜೂಜಾಡಿ. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಮುಂಗಡ ತರುವುದು ನನಗೆ ಒಪ್ಪಿಗೆಯಿಲ್ಲ. ಕೊಳೆ ರೋಗ, ಎಲೆಚುಕ್ಕಿ ರೋಗದ ಹೆಸರು ಹೇಳಿ ರೇಟು ಕೆಳಗೇ ಕಟ್ಟುತ್ತಾರೆ. ತೋಟ ಮಾರುವುದಂತೂ ಬೇಡ.

ವಿದ್ಯಾರ್ಥಿಯೂ ಕೈಜೋಡಿಸಲಿ. ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳವನ್ನು ಬೆಂಗಳೂರಿಗೆ ಕಳಿಸಿ ಮಾರಿದ ಹುಡುಗಿಯೊಬ್ಬಳು ವಿಮಾನದ ಟಿಕೆಟ್ ದುಡ್ಡು ತಾನೇ ಹೊಂದಿಸಿಕೊಂಡಳು. ಊರಿನವರು ಸಹಾಯಾರ್ಥ ಯಕ್ಷಗಾನ ಆಡಿಸುತ್ತೇವೆ ಅಂದರೆ ಬೇಡ ಅನ್ನಬೇಡಿ, ಆದರೆ ಮೇಳದ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ಮೊದಲೇ ಕೇಳಿ.

ನೆಂಟರ ಕೈಗಡ ತರುವವರಿಗೆ ಒಂದು ಎಚ್ಚರಿಕೆ. ಬ್ರಿಟನ್ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಕೆಟ್ಟಿತು. ಖಾತೆ ವಿದ್ಯಾರ್ಥಿಯದೋ ಅಪ್ಪ-ಅಮ್ಮನದೋ ಆಗಿರಬೇಕು. ಚಿಕ್ಕಪ್ಪನ ಖಾತೆ ನಡೆಯುವುದಿಲ್ಲ. ತಿಂಗಳ ಮಟ್ಟಿಗೆ ದುಡ್ಡು ತೋರಿಸಲು ಬಾಡಿಗೆಗೆ ಕೊಡುವ ಏಜೆಂಟರಿದ್ದಾರೆ. ಅವರ ಸಹವಾಸ ಬೇಡ. ಸಿಕ್ಕಿಬಿದ್ದರೆ ಮುಂದಿನ ಅರ್ಜಿಗೂ ಕಲ್ಲು.

ಹೆಜ್ಜೆ 7: ಹಣ ಕಳಿಸಿ

ಫೀಸನ್ನು ಬ್ಯಾಂಕೇ ನೇರ ವಿಶ್ವವಿದ್ಯಾಲಯಕ್ಕೆ ಕಳಿಸುತ್ತದೆ. ಸ್ವಂತ ಹಣವನ್ನು ಒಂದು ಹಣಕಾಸು ವರ್ಷದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಕಳಿಸಿದರೆ ಟಿಸಿಎಸ್ (ಕಳಿಸುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ಅದನ್ನು ವಾಪಸ್ ಪಡೆಯಬಹುದು. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲ. ಹಾಗಾಗಿ ದೊಡ್ಡ ಕಂತು ಸಾಲದಿಂದ ಹೋಗಲಿ, ಚಿಲ್ಲರೆ ಖರ್ಚು ಮನೆಯಿಂದ ಹೋಗಲಿ.

ಹೊರಡುವ ಮೊದಲು ಬ್ಯಾಂಕಿಗೆ ಹೋಗಿ ಅಮ್ಮನ ಹೆಸರಿಗೋ ಅಪ್ಪನ ಹೆಸರಿಗೋ ಅಧಿಕಾರ ಪತ್ರ ಮಾಡಿಸಿಡಿ. ಎರಡನೇ ವರ್ಷದ ಕಂತಿಗೆ ಸಹಿ ಬೇಕಾದಾಗ ನೀವು ಇಲ್ಲಿರುವುದಿಲ್ಲ. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಮನೆಯಲ್ಲಿ ಸಿಗ್ನಲ್ ಸಿಗುವ ಕಂಪನಿಯದೇ ಇರಲಿ. ಹೊಸನಗರದ ಕಡೆಯ ಒಬ್ಬ ಯಜಮಾನರು ಮಗಳ ಫೀಸಿನ ಒಟಿಪಿಗಾಗಿ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಅವರು ಮೇಲೆ ಮುಟ್ಟುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು. ನಾಲ್ಕನೇ ದಿನ ಬಸ್ ಹತ್ತಿ ಶಾಖೆಗೇ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕೂತು ಕಳಿಸಿ ಹೋದರು.